ಎರಡನೆಯ ತೊಟ್ಟಿಲು

ಚೊಚ್ಚಲ ಹೆರಿಗೆ ಕಷ್ಟದ್ದು, ಮುಂದಿನವು ಸಲೀಸು ಎಂಬುದು ಮನೆಯ ಹಿರಿಯ ಹೆಂಗಸರು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. ಬಹುಪಾಲು ಮನೆಗಳಲ್ಲಿ ಅದು ದಿಟವೂ ಹೌದು. ಆದರೆ ಕೆಲವು ಮನೆಗಳಲ್ಲಿ ಈ ಮಾತು ತಲೆಕೆಳಗಾಗುತ್ತಿತ್ತು. ಮೊದಲನೆಯ ಮಗು ಗುಂಡುಗುಂಡಾಗಿ, ನಗುನಗುತ್ತ ಮನೆಯನ್ನು ಬೆಳಗುತ್ತಿತ್ತು. ಎರಡನೆಯದು ಹುಟ್ಟಿದ ಮೊದಲ ದಿನವೇ ಅರಿಸಿನ ಬಳಿದಂತೆ ಹಳದಿಗಟ್ಟಿ, ಹಾಲು ಕುಡಿಯಲಾರದೆ ಸೊರಗುತ್ತಿತ್ತು. ಮೂರನೆಯದು ಹೊಟ್ಟೆಯಲ್ಲಿಯೇ ಕಣ್ಣುಮುಚ್ಚುತ್ತಿತ್ತು. ನಾಲ್ಕನೆಯದಕ್ಕೂ ಅದೇ ಗತಿ.

ತಾಯಿಗೆ ಯಾವ ಜಾಡ್ಯವೂ ಇರಲಿಲ್ಲ. ತಂದೆ ದೃಢಕಾಯ. ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ. ಆದರೂ ತೊಟ್ಟಿಲು ಬರಿದಾಗುತ್ತಲೇ ಇತ್ತು. ಜಾತಕ ಬಿಚ್ಚಿ ನೋಡಿದರು. ಸರ್ಪದೋಷವೆಂದು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು. ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಇದಾವುದೂ ಫಲಿಸದಾಗ ನೆರೆಹೊರೆಯವರ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದುದು ಸೊಸೆಯ ಕಾಲ್ಗುಣದ ಮೇಲೆ. ಮಕ್ಕಳನ್ನು ಕಳೆದುಕೊಂಡ ದುಃಖದ ಜೊತೆಗೆ, ಕಳೆದುಕೊಂಡದ್ದು ತನ್ನ ತಪ್ಪಿನಿಂದಲೇ ಎಂಬ ಅಪವಾದವನ್ನೂ ಆಕೆ ಹೊರಬೇಕಾಗಿತ್ತು.

ಆ ತಪ್ಪು ಆಕೆಯದೂ ಅಲ್ಲ, ಗ್ರಹಗಳದೂ ಅಲ್ಲ. ಗಂಡನ ನೆತ್ತರಿನಲ್ಲಿದ್ದು ಹೆಂಡತಿಯ ನೆತ್ತರಿನಲ್ಲಿ ಇಲ್ಲದ ಒಂದು ಸೂಕ್ಷ್ಮ ಅಂಶವೇ ಇದಕ್ಕೆಲ್ಲ ಕಾರಣ. ಅದನ್ನು ಕಂಡುಹಿಡಿಯಲು ಮನುಷ್ಯನಿಗೆ 1940ರವರೆಗೆ ಕಾಯಬೇಕಾಯಿತು. ಅದನ್ನು ಗೆಲ್ಲುವ ಮದ್ದು ಬಂದದ್ದು 1968ರಲ್ಲಿ. ಈ ನಡುವಣ ಕಥೆಯಲ್ಲಿ ಕೋತಿಗಳಿವೆ, ಚಿಟ್ಟೆಗಳಿವೆ, ಸೆರೆಮನೆಯ ಕೈದಿಗಳಿದ್ದಾರೆ. ತನ್ನ ಬಲಗೈಯನ್ನು ಅರುವತ್ತು ವರ್ಷ ಚಾಚಿಕೊಂಡೇ ಇದ್ದ ಒಬ್ಬ ಪುಣ್ಯಾತ್ಮನೂ ಇದ್ದಾನೆ.

ಮೂರು ಹೆಸರು, ಒಂದೇ ವ್ಯಾಧಿ

ಫ್ರಾನ್ಸಿನ ಅರಮನೆಯಲ್ಲಿ ಸೂಲಗಿತ್ತಿಯಾಗಿದ್ದ ಲೂಯಿಸ್ ಬೂರ್ಜ್ವಾ ಎಂಬಾಕೆ 1609ರಲ್ಲಿ ಒಂದು ಅವಳಿ ಹೆರಿಗೆಯ ವಿವರವನ್ನು ಬರೆದಿಟ್ಟಿದ್ದಾಳೆ. ಒಂದು ಶಿಶುವಿನ ಮೈಯೆಲ್ಲ ನೀರು ತುಂಬಿ ಊದಿಕೊಂಡಿತ್ತು; ಇನ್ನೊಂದು ಹಳದಿಗಟ್ಟಿತ್ತು. ಎರಡೂ ಉಳಿಯಲಿಲ್ಲ. ವೈದ್ಯರ ಪುಸ್ತಕಗಳಲ್ಲಿ ಈ ವ್ಯಾಧಿಯ ಮೊದಲ ಚಿತ್ರ ಇದೇ ಎನ್ನುತ್ತಾರೆ.

ಮುಂದೆ ಮೂರು ಶತಮಾನಗಳ ಕಾಲ ವೈದ್ಯರು ಊದಿಕೊಂಡ ಶಿಶುವಿನ ರೋಗಕ್ಕೆ ಒಂದು ಹೆಸರು, ಕಾಮಾಲೆಯ ಶಿಶುವಿನ ರೋಗಕ್ಕೆ ಮತ್ತೊಂದು ಹೆಸರು, ನೆತ್ತರು ಬತ್ತಿ ಬಿಳಿಚಿಕೊಂಡ ಶಿಶುವಿನ ರೋಗಕ್ಕೆ ಇನ್ನೊಂದು ಹೆಸರು ಇಟ್ಟುಕೊಂಡಿದ್ದರು. ಮೂರೂ ಒಂದೇ ಮರದ ಕೊಂಬೆಗಳೆಂದು 1932ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಬಾಸ್ಟನ್ ನಗರದ ಮಕ್ಕಳ ವೈದ್ಯ ಲೂಯಿ ಡೈಮಂಡ್ ಮತ್ತು ಅವರ ಸಂಗಡಿಗರು. ಈ ಶಿಶುಗಳ ನೆತ್ತರಿನ ಕೆಂಪು ಕಣಗಳು ಹುಟ್ಟಿದಷ್ಟೇ ಬೇಗ ನಾಶವಾಗುತ್ತಿದ್ದುವು. ನಾಶವನ್ನು ತುಂಬಿಕೊಡಲು ಮೈ ಇನ್ನೂ ಬಲಿಯದ ಎಳೆಯ ಕಣಗಳನ್ನೇ ಅವಸರದಲ್ಲಿ ಹೊರಕ್ಕೆ ತಳ್ಳುತ್ತಿತ್ತು. ಆದರೆ ಕಣಗಳನ್ನು ನಾಶ ಮಾಡುವ ಶತ್ರು ಯಾವುದು?

1938ರಲ್ಲಿ ರೂತ್ ಡ್ಯಾರೋ ಎಂಬ ರೋಗಶಾಸ್ತ್ರಜ್ಞೆ ಇದಕ್ಕೆ ಉತ್ತರ ಹೇಳಿದರು. ಇದೇ ವ್ಯಾಧಿಯಿಂದ ಕರುಳಕುಡಿಯನ್ನು ಕಳೆದುಕೊಂಡಿದ್ದ ತಾಯಿ ಅವರು. ಮಗುವಿನ ಕೆಂಪು ಕಣಗಳಲ್ಲಿರುವ ಯಾವುದೋ ವಸ್ತು ತಾಯಿಯ ಮೈಯನ್ನು ಸೇರುತ್ತದೆ. ತಾಯಿಯ ಮೈ ಅದನ್ನು ಪರಕೀಯವೆಂದು ಬಗೆದು ಅದರ ವಿರುದ್ಧ ಅಸ್ತ್ರವನ್ನು ಸಿದ್ಧಪಡಿಸುತ್ತದೆ. ಆ ಅಸ್ತ್ರ ಹಿಂದಿರುಗಿ ಮಗುವನ್ನೇ ಹೊಡೆಯುತ್ತದೆ ಎಂದು ಅವರು ತರ್ಕಿಸಿದರು. ಆ ವಸ್ತು ಯಾವುದೆಂಬ ಅವರ ಊಹೆ ಮಾತ್ರ ತಪ್ಪಾಯಿತು. ದಾರಿ ಸರಿಯಾಗಿತ್ತು.

ಗಂಡನ ರಕ್ತ ಹೆಂಡತಿಗೆ ಆಗಲಿಲ್ಲ

ಎಲ್ಲರ ನೆತ್ತರೂ ಕೆಂಪಾಗಿದ್ದರೂ ಒಂದೇ ಅಲ್ಲವೆಂಬುದು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲೇ ತಿಳಿದಿತ್ತು. ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ, ತನ್ನ ಮತ್ತು ತನ್ನ ಸಹೋದ್ಯೋಗಿಗಳ ರಕ್ತವನ್ನು ಒಂದರೊಡನೊಂದು ಬೆರೆಸಿ, ಕೆಲವು ಜೋಡಿಗಳಲ್ಲಿ ಕಣಗಳು ಮುದ್ದೆಗಟ್ಟುವುದನ್ನೂ ಕೆಲವು ಜೋಡಿಗಳಲ್ಲಿ ಹೊಂದಿಕೊಳ್ಳುವುದನ್ನೂ ತೋರಿಸಿದ. ಹೀಗೆ ಎ, ಬಿ, ಒ ಎಂಬ ಗುಂಪುಗಳು ಗೊತ್ತಾದುವು. ಮರುವರ್ಷ ಆತನ ಸಂಗಡಿಗರು ಎಬಿ ಗುಂಪನ್ನೂ ಕಂಡರು. ಈ ಕೆಲಸಕ್ಕಾಗಿ 1930ರಲ್ಲಿ ಲ್ಯಾಂಡ್‌ಸ್ಟೈನರ್‌ಗೆ ನೊಬೆಲ್ ಪಾರಿತೋಷಕ ಬಂತು. ಗುಂಪು ನೋಡಿ ರಕ್ತ ಕೊಟ್ಟರೆ ಅಪಾಯವಿಲ್ಲವೆಂದು ವೈದ್ಯಲೋಕ ನೆಮ್ಮದಿಯಿಂದಿತ್ತು.

ಆ ನೆಮ್ಮದಿಯನ್ನು ಕದಡಿದವಳು ನ್ಯೂಯಾರ್ಕಿನ ಇಪ್ಪತ್ತೈದು ವರ್ಷದ ಒಬ್ಬ ಗೃಹಿಣಿ. ಎರಡನೆಯ ಬಸಿರಿನಲ್ಲಿ ಆಕೆಯ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಹೆರಿಗೆಯಲ್ಲಿ ನೆತ್ತರು ಬಹಳ ಹೋದುದರಿಂದ ಗಂಡನ ರಕ್ತವನ್ನು ಕೊಟ್ಟರು. ಇಬ್ಬರದೂ ಒ ಗುಂಪು. ಆದರೂ ರಕ್ತ ಒಳಗೆ ಹೋದ ಸ್ವಲ್ಪ ಹೊತ್ತಿನಲ್ಲೇ ಆಕೆಗೆ ಚಳಿ ನಡುಕ ಹತ್ತಿತು, ಕಾಲುಗಳಲ್ಲಿಯೂ ತಲೆಯಲ್ಲಿಯೂ ನೋವು ಕಾಣಿಸಿತು. ಆಕೆಯ ರಕ್ತರಸವನ್ನು ಪರೀಕ್ಷಿಸಿದ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್, ಅದು ಗಂಡನ ರಕ್ತವನ್ನು ಮಾತ್ರವಲ್ಲದೆ, ಗುಂಪಿನ ಪ್ರಕಾರ ಹೊಂದಬೇಕಾಗಿದ್ದ 104 ಮಂದಿಯಲ್ಲಿ 80 ಮಂದಿಯ ರಕ್ತವನ್ನು ಮುದ್ದೆಗಟ್ಟಿಸುವುದನ್ನು ಕಂಡು ಬೆರಗಾದರು. ತಾಯಿಯಲ್ಲಿ ಇಲ್ಲದ ಯಾವುದೋ ಅಂಶವನ್ನು ಮಗು ತಂದೆಯಿಂದ ಪಡೆದಿತ್ತು. ಅದರ ವಿರುದ್ಧ ತಾಯಿಯ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿದ್ದುವು ಎಂದು 1939ರಲ್ಲಿ ಅವರು ಬರೆದರು. ಆ ಅಂಶಕ್ಕೆ ಹೆಸರಿಡಲು ಮಾತ್ರ ಮರೆತರು.

ಹೆಸರು ಬಂದದ್ದು ಮರುವರ್ಷ. ಆಗ ನ್ಯೂಯಾರ್ಕಿನಲ್ಲಿ ನೆಲಸಿದ್ದ ಲ್ಯಾಂಡ್‌ಸ್ಟೈನರ್, ತನ್ನ ಶಿಷ್ಯ ಅಲೆಕ್ಸಾಂಡರ್ ವೀನರ್‌ನೊಡನೆ ಕೂಡಿ ರೀಸಸ್ ಜಾತಿಯ ಕೋತಿಯ ರಕ್ತವನ್ನು ಮೊಲಗಳಿಗೆ ಚುಚ್ಚಿ, ಮೊಲದಲ್ಲಿ ಹುಟ್ಟಿದ ಪ್ರತಿಕಾಯವನ್ನು ಮನುಷ್ಯರ ರಕ್ತದೊಡನೆ ಬೆರೆಸಿ ನೋಡುತ್ತಿದ್ದ. ನ್ಯೂಯಾರ್ಕಿನ ಬಿಳಿಯರಲ್ಲಿ ನೂರಕ್ಕೆ ಸುಮಾರು 85 ಮಂದಿಯ ರಕ್ತ ಮುದ್ದೆಗಟ್ಟಿತು. 15 ಮಂದಿಯದು ಕಟ್ಟಲಿಲ್ಲ. ಕೋತಿಯ ಹೆಸರಿನ ಮೊದಲೆರಡು ಅಕ್ಷರಗಳಿಂದ ಆ ಅಂಶಕ್ಕೆ ಆರ್‌ಎಚ್ ಎಂದು ಹೆಸರಾಯಿತು. ಅಂಶವುಳ್ಳವರು ಆರ್‌ಎಚ್ ಪಾಸಿಟಿವ್, ಇಲ್ಲದವರು ಆರ್‌ಎಚ್ ನೆಗೆಟಿವ್. ಕೋತಿಯ ಅಂಶವೂ ಮನುಷ್ಯನ ಅಂಶವೂ ಸರಿಯಾಗಿ ಒಂದೇ ಅಲ್ಲವೆಂದು ಮುಂದೆ ತಿಳಿದುಬಂದರೂ ಇಟ್ಟ ಹೆಸರು ಹಾಗೆಯೇ ಉಳಿಯಿತು. ಈ ಪರಿವಾರದಲ್ಲಿ ಹಲವು ಅಂಶಗಳುಂಟು. ಬಸುರಿಯರನ್ನು ಕಾಡುವುದರಲ್ಲಿ ಪ್ರಬಲವಾದದ್ದು ಡಿ ಎಂಬುದು. ರಕ್ತದ ಚೀಟಿಯಲ್ಲಿ "ನೆಗೆಟಿವ್" ಎಂದು ಬರೆದಿದ್ದರೆ ಈ ಡಿ ಅಂಶ ಇಲ್ಲವೆಂದೇ ಅರ್ಥ.

ಮೊದಲನೆಯದು ಏಕೆ ಪಾರಾಗುತ್ತದೆ?

ಗರ್ಭದಲ್ಲಿ ತಾಯಿಯ ರಕ್ತ ಬೇರೆ, ಮಗುವಿನ ರಕ್ತ ಬೇರೆ. ನಡುವೆ ಮಾಸು ಎಂಬ ಗೋಡೆಯಿದೆ. ಆಹಾರವೂ ಪ್ರಾಣವಾಯುವೂ ಈ ಗೋಡೆಯನ್ನು ದಾಟಿ ಹೋಗುತ್ತವೆ. ರಕ್ತಕಣಗಳು ಸಾಮಾನ್ಯವಾಗಿ ದಾಟವು. ಆದರೆ ಹೆರಿಗೆಯ ಹೊತ್ತಿನಲ್ಲಿ ಮಾಸು ಕಳಚಿಕೊಳ್ಳುವಾಗ ಮಗುವಿನ ರಕ್ತದ ಕೆಲವು ತೊಟ್ಟುಗಳು ತಾಯಿಯ ರಕ್ತನಾಳಗಳಿಗೆ ಸೇರಿಬಿಡುತ್ತವೆ. ತಾಯಿ ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆಗಿದ್ದರೆ ತಾಯಿಯ ಮೈಗೆ ಈ ಕಣಗಳು ಅಪರಿಚಿತ. ಅವುಗಳ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸಲು ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಮೊದಲ ಮಗು ಹೊರಗೆ ಬಂದು ತೊಟ್ಟಿಲಲ್ಲಿ ಸುಖವಾಗಿ ಮಲಗಿರುತ್ತದೆ. ಚೊಚ್ಚಲು ಪಾರಾಗುವ ಗುಟ್ಟು ಇದು.

ಆದರೆ ಮೈ ಮರೆಯುವುದಿಲ್ಲ. ಸಿಡುಬನ್ನು ಒಮ್ಮೆ ಕಂಡ ಮೈ ಅದನ್ನು ಹೇಗೆ ಮರೆಯುತ್ತಿರಲಿಲ್ಲವೋ ಹಾಗೆಯೇ ಈ ಕಣವನ್ನೂ ಮರೆಯದು. ಎರಡನೆಯ ಬಸಿರಿನಲ್ಲಿ ಮತ್ತೊಂದು ಪಾಸಿಟಿವ್ ಶಿಶು ಬೆಳೆಯತೊಡಗಿ, ಅದರ ಕಣಗಳ ಸುಳಿವು ಎಲ್ಲಿಯಾದರೂ ತುಸು ಸಿಕ್ಕಿತೆಂದರೆ ಪ್ರತಿಕಾಯಗಳು ದಂಡುದಂಡಾಗಿ ಸಿದ್ಧವಾಗುತ್ತವೆ. ಮೊದಲ ಸಲ ಹುಟ್ಟುವ ಪ್ರತಿಕಾಯಗಳು ಬಹುಪಾಲು ಗಾತ್ರದಲ್ಲಿ ದೊಡ್ಡವು, ಮಾಸನ್ನು ದಾಟಲಾರವು. ಈ ಸಲದವು ಚಿಕ್ಕವು, ಸಲೀಸಾಗಿ ದಾಟುತ್ತವೆ. ವಿಪರ್ಯಾಸವೆಂದರೆ, ದಡಾರದಂಥ ರೋಗಗಳಿಂದ ಕೂಸನ್ನು ಕಾಯಲೆಂದು ತಾಯಿ ತನ್ನ ರಕ್ಷಣಶಕ್ತಿಯನ್ನು ಮಗುವಿಗೆ ಕಳಿಸಿಕೊಡುವುದೂ ಇದೇ ದಾರಿಯಲ್ಲಿ. ಕಾಣಿಕೆ ಹೋಗುವ ಬಾಗಿಲಿನಲ್ಲೇ ಕತ್ತಿಯೂ ಹೋಗುತ್ತದೆ.

ಒಳಹೊಕ್ಕ ಪ್ರತಿಕಾಯಗಳು ಮಗುವಿನ ಕೆಂಪು ಕಣಗಳಿಗೆ ಅಂಟಿಕೊಳ್ಳುತ್ತವೆ. ಮಗುವಿನ ಗುಲ್ಮ ಅವನ್ನು ಒಡೆದುಹಾಕುತ್ತದೆ. ನೆತ್ತರು ತೆಳುವಾಗಿ, ಗುಂಡಿಗೆ ಸೋತು, ಮೈಯಲ್ಲಿ ನೀರು ತುಂಬಿ ಮಗು ಗರ್ಭದಲ್ಲೇ ಸಾಯಬಹುದು. ಒಡೆದ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹುಟ್ಟುತ್ತದೆ. ಮಗು ಹೊಟ್ಟೆಯಲ್ಲಿರುವ ತನಕ ತಾಯಿಯ ಯಕೃತ್ತು ಅದನ್ನು ತೊಳೆದು ಹಾಕುತ್ತಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಭಾರವೆಲ್ಲ ಮಗುವಿನ ಎಳೆಯ ಯಕೃತ್ತಿನ ಮೇಲೆ ಬೀಳುತ್ತದೆ. ಅದು ಹೊರಲಾರದು. ಹುಟ್ಟುವಾಗ ಬೆಳ್ಳಗೇ ಇದ್ದ ಕೂಸು ಕೆಲವು ಗಂಟೆಗಳಲ್ಲಿ ಹಳದಿಯಾಗುವುದು ಇದರಿಂದಲೇ. ಹಳದಿ ಮಿತಿಮೀರಿದರೆ ಮಿದುಳಿಗೆ ಇಳಿದು, ಬದುಕಿದ ಮಗುವೂ ಕಿವುಡಾಗಬಹುದು, ಕೈಕಾಲುಗಳ ಹಿಡಿತ ತಪ್ಪಿಹೋಗಬಹುದು.

ಯಾವ ನೆಗೆಟಿವ್ ತಾಯಿಯ ಮೈ ಹೀಗೆ ಕೆರಳುತ್ತದೆಂದು ಮೊದಲೇ ಹೇಳಲು ಬಾರದು. ಮದ್ದಿಲ್ಲದ ಕಾಲದಲ್ಲಿ, ಗುಂಪು ಹೊಂದುವ ಪಾಸಿಟಿವ್ ಮಗುವನ್ನು ಹೆತ್ತ ನೂರು ಮಂದಿ ನೆಗೆಟಿವ್ ತಾಯಂದಿರಲ್ಲಿ ಸುಮಾರು ಹದಿನಾರು ಮಂದಿಗೆ ಪ್ರತಿಕಾಯಗಳು ಹುಟ್ಟುತ್ತಿದ್ದುವು. ಒಮ್ಮೆ ಹುಟ್ಟಿದರೆ ಜೀವಮಾನದುದ್ದಕ್ಕೂ ಹೋಗವು. ಒಂದು ಬಸಿರಿನಿಂದ ಮತ್ತೊಂದಕ್ಕೆ ಅವುಗಳ ಕ್ರೌರ್ಯ ಹೆಚ್ಚುತ್ತಲೇ ಹೋಗುವುದು ವಾಡಿಕೆ.

ಹುಟ್ಟಿದ ಮಗುವನ್ನು ಉಳಿಸುವ ಹೋರಾಟ

ಕಾರಣ ತಿಳಿದ ಮೇಲೆ ವೈದ್ಯರು ಮೊದಲು ಹೋರಾಡಿದ್ದು ಹುಟ್ಟಿದ ಮಗುವಿನ ಪ್ರಾಣಕ್ಕಾಗಿ. ಇಂಗ್ಲೆಂಡಿನ ರಾಬಿನ್ ಕೂಂಬ್ಸ್ 1945ರಲ್ಲಿ, ಕಣಗಳಿಗೆ ಅಂಟಿಕೊಂಡೂ ಕಣ್ಣಿಗೆ ಬೀಳದ ಪ್ರತಿಕಾಯಗಳನ್ನು ಹಿಡಿದುಕೊಡುವ ಪರೀಕ್ಷೆಯನ್ನು ರೂಪಿಸಿದ. ಬಸುರಿಯರಿಗೆ ಇಂದಿಗೂ ಮಾಡಿಸುವ "ಕೂಂಬ್ಸ್ ಪರೀಕ್ಷೆ" ಅದೇ. 1946ರ ಸುಮಾರಿಗೆ ಅಮೆರಿಕದಲ್ಲಿ ಹ್ಯಾರಿ ವಾಲರ್‌ಸ್ಟೈನ್, ಲೂಯಿ ಡೈಮಂಡ್ ಮೊದಲಾದವರು ಮಗುವಿನ ರಕ್ತವನ್ನೇ ಬದಲಾಯಿಸುವ ಸಾಹಸಕ್ಕೆ ಕೈಹಾಕಿದರು. ಹೊಕ್ಕುಳ ರಕ್ತನಾಳದೊಳಗೆ ಸಣ್ಣ ನಳಿಗೆಯನ್ನು ತೂರಿಸಿ, ಕೆಲವೇ ಮಿಲಿಲೀಟರುಗಳಂತೆ ಮಗುವಿನ ರಕ್ತವನ್ನು ಹೊರತೆಗೆದು ಅಷ್ಟೇ ನೆಗೆಟಿವ್ ರಕ್ತವನ್ನು ಒಳಗೆ ತುಂಬುವುದು, ಹೀಗೆ ಗಂಟೆಗಟ್ಟಲೆ. ಮೂರು ಕಿಲೋ ತೂಕದ ಕೂಸಿನ ಮೈಯಲ್ಲಿರುವುದು ಕಾಲು ಲೀಟರಿನಷ್ಟು ರಕ್ತ. ಅದರ ಇಮ್ಮಡಿ, ಎಂದರೆ ಅರ್ಧ ಲೀಟರಿನಷ್ಟನ್ನು ಹಾಯಿಸಿದರೆ ಹಳೆಯ ರಕ್ತದ ಬಹುಭಾಗ ಹೊರಗೆ ಹೋಗುತ್ತದೆ. ಎಷ್ಟೋ ಮಕ್ಕಳು ಹೀಗೆ ಉಳಿದುಕೊಂಡವು.

ಇನ್ನೊಂದು ಉಪಾಯ ಸಿಕ್ಕಿದ್ದು ಒಬ್ಬ ದಾದಿಯ ಚುರುಕು ಕಣ್ಣಿನಿಂದ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫೋರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬಾಕೆಗೆ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚನೆಯ ದಿನಗಳಲ್ಲಿ ಅಂಗಳದ ಬಿಸಿಲಿಗೆ ಒಯ್ಯುವ ರೂಢಿಯಿತ್ತು. 1956ರಲ್ಲಿ ಒಂದು ದಿನ ಆಕೆ ವೈದ್ಯರಿಗೆ ಒಂದು ಕೂಸನ್ನು ತೋರಿಸಿದಳು. ಮೈಯೆಲ್ಲ ತಿಳಿಯಾಗಿತ್ತು, ಬಟ್ಟೆಯ ಮೂಲೆ ಮುಚ್ಚಿದ್ದ ಒಂದು ತ್ರಿಕೋಣ ಮಾತ್ರ ಗಾಢ ಹಳದಿ! ಬಿಸಿಲು ಬಿದ್ದ ಕಡೆ ಕಾಮಾಲೆ ಇಳಿದಿತ್ತು. ಇದರ ಹಿಂದೆಬಿದ್ದ ಕ್ರೆಮರ್ ಮೊದಲಾದ ವೈದ್ಯರು ನೀಲಿ ಬೆಳಕಿನ ಚಿಕಿತ್ಸೆಯನ್ನು 1958ರಲ್ಲಿ ಪ್ರಕಟಿಸಿದರು. ಬೆಳಕು ಚರ್ಮದಲ್ಲಿರುವ ಬಿಲಿರುಬಿನ್ನಿನ ರೂಪವನ್ನು ಮಾರ್ಪಡಿಸಿ, ಮೈ ಅದನ್ನು ಸುಲಭವಾಗಿ ಹೊರಹಾಕುವಂತೆ ಮಾಡುತ್ತದೆ. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿರುವ ಕೂಸುಗಳನ್ನು ಯಾರು ಬೇಕಾದರೂ ನೋಡಬಹುದು.

ಗರ್ಭದಲ್ಲೇ ಸಾಯುತ್ತಿದ್ದ ಕೂಸುಗಳಿಗೆ ಮಾತ್ರ ದಾರಿಯಿರಲಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ವಿಲಿಯಂ ಲೈಲಿ ಆ ದಾರಿಯನ್ನು ತೆರೆದರು. ತಾಯಿಯ ಹೊಟ್ಟೆಯ ಮೂಲಕ ಸೂಜಿಯನ್ನು ಇಳಿಸಿ, ಎಕ್ಸರೇ ಚಿತ್ರದ ನೆರವಿನಿಂದ ಶಿಶುವಿನ ಉದರವನ್ನು ಮುಟ್ಟಿ, ಅಲ್ಲಿ ಕೆಂಪು ಕಣಗಳನ್ನು ತುಂಬುವುದು. ಶಿಶುವಿನ ಮೈ ಅವನ್ನು ಹೀರಿಕೊಳ್ಳುವುದು. ಮೊದಲ ಪ್ರಯತ್ನಗಳು ವಿಫಲವಾದರೂ ಅವರು ಕೈಬಿಡಲಿಲ್ಲ. 1963ರಲ್ಲಿ, ಇನ್ನೂ ಹುಟ್ಟದ ಮಗುವಿಗೆ ರಕ್ತ ಕೊಟ್ಟು ಉಳಿಸಿದ ಕೀರ್ತಿ ಅವರದಾಯಿತು.

ಮುಳ್ಳನ್ನು ತೆಗೆದ ಮುಳ್ಳು

ಬಿದ್ದವರನ್ನು ಎತ್ತುವುದಕ್ಕಿಂತ ಬೀಳದಂತೆ ತಡೆಯುವುದು ಲೇಸು. ತಾಯಿಯ ಮೈಯಲ್ಲಿ ಪ್ರತಿಕಾಯ ಹುಟ್ಟದಂತೆಯೇ ಮಾಡಲು ಸಾಧ್ಯವೆ? ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಈ ಪ್ರಶ್ನೆಯ ಬೆನ್ನುಹತ್ತಿದುವು.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಸಿರಿಲ್ ಕ್ಲಾರ್ಕ್ ಎಂಬ ವೈದ್ಯನಿಗೆ ಚಿಟ್ಟೆ ಸಾಕುವ ಹವ್ಯಾಸವಿತ್ತು. ಚಿಟ್ಟೆಗಳ ರೆಕ್ಕೆಯ ಬಣ್ಣ ತಂದೆತಾಯಿಗಳಿಂದ ಮರಿಗೆ ಹೇಗೆ ಬರುತ್ತದೆಂದು ನೋಡುತ್ತ ನೋಡುತ್ತ, ಮನುಷ್ಯರ ರಕ್ತದ ಗುಂಪುಗಳ ಕಡೆಗೆ ಆತನ ಲಕ್ಷ್ಯ ಹರಿಯಿತು. ತಾಯಿ ಮತ್ತು ಮಗುವಿನ ಎ, ಬಿ, ಒ ಗುಂಪುಗಳೂ ಹೊಂದದೆ ಇದ್ದರೆ ಆರ್‌ಎಚ್ ತೊಂದರೆ ಕಡಮೆ ಎಂಬುದನ್ನು ಲೆವಿನ್ ಮೊದಲೇ ಗಮನಿಸಿದ್ದ. ಆಗ ತಾಯಿಯಲ್ಲಿ ಸಹಜವಾಗಿಯೇ ಇರುವ ಪ್ರತಿಕಾಯಗಳು ನುಸುಳಿ ಬಂದ ಕಣಗಳನ್ನು ಕೂಡಲೇ ಮುಗಿಸಿಬಿಡುತ್ತವೆ. ಆರ್‌ಎಚ್ ಅಂಶದ ಗುರುತು ಹಿಡಿಯಲು ಮೈಗೆ ಪುರಸತ್ತೇ ಸಿಕ್ಕುವುದಿಲ್ಲ. ಹಾಗಾದರೆ ಇದೇ ಕೆಲಸವನ್ನು ಕೃತಕವಾಗಿ ಮಾಡಬಾರದೇಕೆ? ಕ್ಲಾರ್ಕನ ಹೆಂಡತಿ ಒಂದು ರಾತ್ರಿ ಆತನನ್ನು ಎಬ್ಬಿಸಿ, ಆರ್‌ಎಚ್ ಪ್ರತಿಕಾಯವನ್ನೇ ತಾಯಂದಿರಿಗೆ ಕೊಡಬಾರದೇ ಎಂದು ಕೇಳಿದಳಂತೆ. ಯಾವುದು ಹುಟ್ಟಬಾರದೆಂದು ಒದ್ದಾಡುತ್ತಿದ್ದಾರೋ ಅದನ್ನೇ ಕೊಡುವುದೇ ಎಂದು ಗೊಣಗಿ ಆತ ಮಗ್ಗುಲಾದ. ಬೆಳಗಾದ ಮೇಲೆ ಯೋಚಿಸಿದಾಗ ಆ ಮಾತಿನಲ್ಲಿ ಹುರುಳು ಕಂಡಿತು. ಆತನ ತಂಡದ ಯುವಕ ರೊನಾಲ್ಡ್ ಫಿನ್ 1960ರಲ್ಲಿ ಈ ವಿಚಾರವನ್ನು ವೈದ್ಯರ ಮುಂದಿಟ್ಟ.

ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಫ್ರೀಡಾ, ಜಾನ್ ಗಾರ್ಮನ್, ವಿಲಿಯಂ ಪೊಲಾಕ್ ಎಂಬವರೂ ಅದೇ ಮಾತಿಗೆ ಬಂದಿದ್ದರು. ಸಿದ್ಧ ಪ್ರತಿಕಾಯವನ್ನು ಧಾರಾಳವಾಗಿ ಕೊಟ್ಟರೆ ಮೈ ತಾನಾಗಿ ಪ್ರತಿಕಾಯ ಮಾಡಿಕೊಳ್ಳಲು ಹೋಗುವುದಿಲ್ಲವೆಂಬ, 1909ರಷ್ಟು ಹಿಂದೆ ಥಿಯೊಬಾಲ್ಡ್ ಸ್ಮಿತ್ ಕಂಡುಕೊಂಡಿದ್ದ ತತ್ತ್ವ ಅವರಿಗೆ ದಾರಿದೀಪವಾಯಿತು. ಪರೀಕ್ಷೆ ಮಾಡುವುದು ಯಾರ ಮೇಲೆ? ತಾಯಂದಿರ ಮೇಲೆ ಮಾಡಲು ಧೈರ್ಯ ಸಾಲದು. ಸಿಂಗ್ ಸಿಂಗ್ ಸೆರೆಮನೆಯ ಕೈದಿಗಳಲ್ಲಿ ನೆಗೆಟಿವ್ ರಕ್ತದ ಕೆಲವರು ಒಪ್ಪಿ ಮುಂದೆ ಬಂದರು. ಅವರಿಗೆ ಪಾಸಿಟಿವ್ ಕಣಗಳನ್ನು ಚುಚ್ಚಿ, ಕೆಲವರಿಗೆ ಮಾತ್ರ ಪ್ರತಿಕಾಯವನ್ನೂ ಕೊಟ್ಟರು. ಮದ್ದು ಪಡೆದವರ ಮೈ ಕೆರಳಲಿಲ್ಲ. ಸೆರೆಮನೆಯೊಳಗೆ ದಿನವೂ ಹೋಗಿಬರುವುದು ಸುಲಭವಿರಲಿಲ್ಲವಾದ್ದರಿಂದ ಮದ್ದನ್ನು ಮೂರು ದಿನ ತಡೆದು ಕೊಟ್ಟು ನೋಡಿದರು, ಆಗಲೂ ಫಲಿಸಿತು. ಹೆರಿಗೆಯಾದ 72 ಗಂಟೆಗಳೊಳಗೆ ಚುಚ್ಚುಮದ್ದು ಬೀಳಬೇಕೆಂದು ಇಂದು ವೈದ್ಯರು ಹೇಳುವ ಗಡುವಿನ ಮೂಲ ಇದು.

1964ರ ಆರಂಭದಲ್ಲಿ ಗಾರ್ಮನ್ ಈ ಮದ್ದನ್ನು ಇಂಗ್ಲೆಂಡಿನಲ್ಲಿದ್ದ ತನ್ನ ಸೋದರನ ಹೆಂಡತಿಗೇ ಕಳುಹಿಸಿದ. ಆಕೆ ನೆಗೆಟಿವ್, ಆಗತಾನೇ ಹೆರಿಗೆಯಾಗಿತ್ತು. ಸ್ವಂತ ಮನೆಯವರ ಮೇಲೆ ಪ್ರಯೋಗಿಸುವಷ್ಟು ನಂಬಿಕೆ ಆತನಿಗಿತ್ತು; ಅದು ಹುಸಿಯಾಗಲಿಲ್ಲ. ಆಕೆ ಮುಂದೆಯೂ ಆರೋಗ್ಯವಂತ ಮಕ್ಕಳನ್ನು ಹೆತ್ತಳು. 1968ರಲ್ಲಿ ಅಮೆರಿಕದಲ್ಲಿ ಆಂಟಿ-ಡಿ ಚುಚ್ಚುಮದ್ದಿಗೆ ಪರವಾನಗಿ ದೊರೆಯಿತು. ಎರಡು ದಡಗಳ ಈ ಐವರಿಗೂ 1980ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಸಂದಿತು.

ಹೆರಿಗೆಯಾದ ಮೇಲೆ ಕೊಡುವ ಒಂದು ಚುಚ್ಚುಮದ್ದಿನಿಂದ ನೂರಕ್ಕೆ ಹದಿನಾರಿದ್ದ ಅಪಾಯ ಒಂದೆರಡಕ್ಕೆ ಇಳಿಯಿತು. ಬಸಿರಿನ ಕೊನೆಯ ತಿಂಗಳುಗಳಲ್ಲೂ ಕೆಲವರಿಗೆ ಕಣಗಳು ನುಸುಳುವುದನ್ನು ಕಂಡು, ಕೆನಡಾದ ಜಾನ್ ಬೋಮನ್ 28ನೆಯ ವಾರದಲ್ಲಿಯೂ ಒಂದು ಮದ್ದು ಕೊಟ್ಟರೆ ಲೇಸೆಂದು ತೋರಿಸಿದರು. ಎರಡನ್ನೂ ಪಡೆದವರಲ್ಲಿ ಅಪಾಯ ಸಾವಿರಕ್ಕೆ ಎರಡು ಮೂರಕ್ಕೆ ಇಳಿದಿದೆ.

ಚಾಚಿದ ಕೈ

ಈ ಮದ್ದನ್ನು ಗಿಡಮೂಲಿಕೆಯಿಂದ ತೆಗೆದದ್ದಲ್ಲ. ಯಾರ ಮೈಯಲ್ಲಿ ಆ ಪ್ರತಿಕಾಯ ಈಗಾಗಲೇ ಇದೆಯೋ ಅವರ ರಕ್ತರಸದಿಂದಲೇ ಅದನ್ನು ಶೋಧಿಸಬೇಕು. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಹದಿನಾಲ್ಕರ ಹುಡುಗನಾಗಿದ್ದಾಗ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಯಾರೋ ದಾನ ಮಾಡಿದ ರಕ್ತದಿಂದ ಬದುಕಿಕೊಂಡ. ತಾನೂ ಆ ಋಣ ತೀರಿಸುತ್ತೇನೆಂದು ನಿಶ್ಚಯಿಸಿ, ಹದಿನೆಂಟು ತುಂಬಿದ 1954ರಿಂದ ರಕ್ತದಾನಕ್ಕೆ ತೊಡಗಿದ. ಸೂಜಿಯೆಂದರೆ ಆತನಿಗೆ ಭಯ. ಚುಚ್ಚುವುದನ್ನು ಎಂದೂ ನೋಡುತ್ತಿರಲಿಲ್ಲವಂತೆ. ಆತನ ರಕ್ತದಲ್ಲಿ ಈ ಅಪೂರ್ವ ಪ್ರತಿಕಾಯ ಇರುವುದು ತಿಳಿದಮೇಲೆ, 1967ರಿಂದ ಅದನ್ನು ತಾಯಂದಿರ ಮದ್ದಿಗೆ ಬಳಸತೊಡಗಿದರು. 2018ರಲ್ಲಿ, 81ನೆಯ ವಯಸ್ಸಿನಲ್ಲಿ ನಿಯಮದಂತೆ ನಿಲ್ಲಿಸುವವರೆಗೆ ಆತ ದಾನ ಮಾಡಿದ್ದು 1,173 ಸಲ. ಇದರಿಂದ 24 ಲಕ್ಷ ಶಿಶುಗಳಿಗೆ ಉಪಕಾರವಾಯಿತೆಂದು ಅಲ್ಲಿನ ರಕ್ತನಿಧಿಯ ಅಂದಾಜು. ಆತನ ಸ್ವಂತ ಮಗಳೂ ಈ ಮದ್ದನ್ನು ಪಡೆದವಳೇ. 2025ರ ಫೆಬ್ರುವರಿಯಲ್ಲಿ, 88ನೆಯ ವಯಸ್ಸಿನಲ್ಲಿ, ಆತ ನಿದ್ದೆಯಲ್ಲೇ ಕಣ್ಣುಮುಚ್ಚಿದ.

ಮನುಷ್ಯರ ರಕ್ತದಿಂದ ಬರುವ ಮದ್ದಿಗೆ ಎಚ್ಚರಿಕೆಯೂ ಬೇಕು. 1970ರ ದಶಕದಲ್ಲಿ ಐರ್ಲೆಂಡಿನಲ್ಲಿ ಯಕೃತ್ತಿನ ಸೋಂಕಿದ್ದ ರಕ್ತರಸ ಈ ಮದ್ದಿನಲ್ಲಿ ಬೆರೆತು ನೂರಾರು ತಾಯಂದಿರಿಗೆ ಹೆಪಟೈಟಿಸ್-ಸಿ ತಗುಲಿತು. ಜನರಿಗೆ ಅದು ತಿಳಿದದ್ದು 1994ರಲ್ಲಿ. ಈಗ ರಕ್ತರಸವನ್ನು ಸೋಂಕಿಗಾಗಿ ಪರೀಕ್ಷಿಸಿ, ಶುದ್ಧೀಕರಿಸಿಯೇ ಮದ್ದು ಮಾಡುತ್ತಾರೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಿಸಿದ ಆಂಟಿ-ಡಿ ಕೂಡ ಭಾರತದಲ್ಲಿ ಬಳಕೆಯಲ್ಲಿದೆ.

ಜಾತಕದ ಜೊತೆಗೆ ರಕ್ತದ ಚೀಟಿ

ಭಾರತದಲ್ಲಿ ನೂರರಲ್ಲಿ ಸುಮಾರು ಐದು ಮಂದಿ ಆರ್‌ಎಚ್ ನೆಗೆಟಿವ್. ಸಂಖ್ಯೆ ಸಣ್ಣದೆನಿಸಬಹುದು, ನೂರು ಮನೆಗಳ ಒಂದು ಬಡಾವಣೆಯಲ್ಲಿ ಇಂಥ ಸೊಸೆಯೋ ಮಗಳೋ ಹಲವರು ಇದ್ದೇ ಇರುತ್ತಾರೆ. ಹೆಣ್ಣು ನೋಡುವ ಮಾತುಕತೆಯಲ್ಲಿ ಈಗ ಜಾತಕದ ಜೊತೆಗೆ ರಕ್ತದ ಗುಂಪನ್ನೂ ಕೇಳುವುದುಂಟು. ಕೇಳಿದ್ದರಿಂದ ಕೆಡುಕಿಲ್ಲ, ಕೇಳಿ ತಪ್ಪು ತಿಳಿದರೆ ಕೆಡುಕು.

ಹುಡುಗಿ ನೆಗೆಟಿವ್, ಹುಡುಗ ಪಾಸಿಟಿವ್ ಎಂಬ ಕಾರಣಕ್ಕೆ ಸಂಬಂಧ ಬಿಡುವುದು ಅವಿವೇಕ. ಎರಡು ಚುಚ್ಚುಮದ್ದಿನಿಂದ ನೀಗುವ ತೊಂದರೆ ಅದು. ಹುಡುಗನೇ ನೆಗೆಟಿವ್ ಆಗಿ ಹುಡುಗಿ ಪಾಸಿಟಿವ್ ಆಗಿದ್ದರೆ ಈ ತೊಂದರೆಯ ಪ್ರಶ್ನೆಯೇ ಇಲ್ಲ. ಇಬ್ಬರೂ ನೆಗೆಟಿವ್ ಆದರೆ ಮಕ್ಕಳೂ ನೆಗೆಟಿವ್, ಅಲ್ಲಿಯೂ ಭಯವಿಲ್ಲ. ಗಂಡಹೆಂಡಿರದು ಒಂದೇ ಗುಂಪಾದರೆ ಮಕ್ಕಳಿಗೆ ಕೆಟ್ಟದ್ದೆಂಬ ಮಾತು ಹಲವು ಕಡೆ ಕೇಳಿಬರುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಸೋದರಮಾವನೊಡನೆ, ಅತ್ತೆಯ ಮಗನೊಡನೆ ಮದುವೆಯಾದಾಗ ಮಕ್ಕಳಿಗೆ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚುವುದುಂಟು; ಆದರೆ ಅದು ಬೇರೆಯೇ ಸಂಗತಿ, ರಕ್ತದ ಗುಂಪು ನೋಡಿ ಅದನ್ನು ತಿಳಿಯಲಾಗದು.

ತಾಯಿ ಒ, ಮಗು ಎ ಅಥವಾ ಬಿ ಆದಾಗಲೂ ಕಾಮಾಲೆ ಬರಬಹುದು. ಇದು ಚೊಚ್ಚಲಿನಲ್ಲೇ ಕಾಣಿಸಿಕೊಳ್ಳಬಹುದಾದರೂ ಸಾಮಾನ್ಯವಾಗಿ ಸೌಮ್ಯ. ಬಹಳ ಮಕ್ಕಳಿಗೆ ನೀಲಿ ಬೆಳಕೇ ಸಾಕಾಗುತ್ತದೆ. ಒಂದು ಮಾತು ಮಾತ್ರ ನೆನಪಿರಬೇಕು: ಹುಟ್ಟಿದ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಗು ಹಳದಿಯಾದರೆ ಅದು ಎಂದೂ ಸಹಜವಲ್ಲ. ಎಳೆಬಿಸಿಲಿಗೆ ಹಿಡಿದರೆ ಸರಿಹೋಗುತ್ತದೆಂದು ಮನೆಯಲ್ಲಿ ಕಾಯಬಾರದು. ಸಿಸ್ಟರ್ ವಾರ್ಡಳ ಬಿಸಿಲು ದಾರಿ ತೋರಿಸಿತು, ನಿಜ. ಚಿಕಿತ್ಸೆ ನಡೆಯಬೇಕಾದದ್ದು ಆಸ್ಪತ್ರೆಯಲ್ಲಿ.

ಬಸಿರು ನಿಂತಿತೆಂದು ತಿಳಿದೊಡನೆ ರಕ್ತದ ಗುಂಪನ್ನು ಪರೀಕ್ಷಿಸಿ ತಾಯಿ ಕಾರ್ಡಿನಲ್ಲಿ ಬರೆಸಬೇಕು. ನೆಗೆಟಿವ್ ಆಗಿದ್ದರೆ ಗಂಡನ ರಕ್ತವನ್ನೂ ನೋಡಿಸಿ, ತಾಯಿಗೆ ಕೂಂಬ್ಸ್ ಪರೀಕ್ಷೆ ಮಾಡಿಸಬೇಕು. ಪ್ರತಿಕಾಯ ಇಲ್ಲವೆಂದಾದರೆ 28ನೆಯ ವಾರದಲ್ಲಿ ಒಂದು ಆಂಟಿ-ಡಿ. ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಗಳೊಳಗೆ ಮತ್ತೊಂದು. ಗಡುವು ಮೀರಿದರೂ ಸುಮ್ಮನಾಗದೆ ವೈದ್ಯರನ್ನು ಕೇಳಬೇಕು. ತಡವಾದ ಮದ್ದೂ ಕೆಲವೊಮ್ಮೆ ಕೆಲಸ ಮಾಡುತ್ತದೆ. ಗರ್ಭಪಾತವಾದರೆ, ಗರ್ಭ ನಾಳದಲ್ಲಿ ನಿಂತರೆ, ಬಸುರಿ ಬಿದ್ದು ಹೊಟ್ಟೆಗೆ ಪೆಟ್ಟಾದರೆ, ನಡುವೆ ನೆತ್ತರು ಕಾಣಿಸಿದರೆ ಆಗಲೂ ಈ ಮದ್ದಿನ ಅವಶ್ಯಕತೆ ಬೀಳಬಹುದು. ಎಷ್ಟೋ ಹೆಂಗಸರು ಮೋಸಹೋಗುವುದು ಇಲ್ಲಿಯೇ. ಮೂರು ತಿಂಗಳಿಗೇ ಇಳಿದುಹೋದ ಬಸಿರನ್ನು ಯಾರಿಗೂ ಹೇಳದೆ ಮುಚ್ಚಿಡುತ್ತಾರೆ; ಮುಂದಿನ ಬಸಿರನ್ನು "ಚೊಚ್ಚಲು" ಎಂದೇ ವೈದ್ಯರೆದುರು ಹೇಳುತ್ತಾರೆ. ಮೈಗೆ ಮಾತ್ರ ಅದು ಎರಡನೆಯದು.

ಆಗಲೇ ಪ್ರತಿಕಾಯ ಹುಟ್ಟಿದ್ದರೆ ಈ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ಹಾಗೆಂದು ಆಸೆ ಬಿಡಬೇಕಾಗಿಯೂ ಇಲ್ಲ. ತಾಯಿಯ ರಕ್ತದಲ್ಲೇ ತೇಲಾಡುವ ಮಗುವಿನ ವಂಶವಾಹಿಯ ತುಣುಕುಗಳಿಂದ ಮಗು ಪಾಸಿಟಿವೋ ನೆಗೆಟಿವೋ ಎಂದು ತಿಳಿಯುವ ವಿದ್ಯೆ 1997ರ ಈಚೆಗೆ ಬೆಳೆದಿದೆ. ಮಗುವಿನ ಮಿದುಳಿನ ರಕ್ತನಾಳದಲ್ಲಿ ನೆತ್ತರು ಹರಿಯುವ ವೇಗವನ್ನು ಡಾಪ್ಲರ್ ಸ್ಕ್ಯಾನಿನಿಂದ ಅಳೆದು, ಸೂಜಿ ಚುಚ್ಚದೆಯೇ ರಕ್ತಹೀನತೆಯನ್ನು ಅರಿಯುತ್ತಾರೆ. ಅವಶ್ಯಕವಾದರೆ ಹೊಕ್ಕುಳಬಳ್ಳಿಯ ರಕ್ತನಾಳದ ಮೂಲಕವೇ, ಗರ್ಭದೊಳಗಿನ ಮಗುವಿಗೆ ರಕ್ತ ಕೊಡುವ ಆಸ್ಪತ್ರೆಗಳು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿವೆ. ನೆಗೆಟಿವ್ ರಕ್ತ ಎಲ್ಲೆಡೆ ಸುಲಭವಾಗಿ ಸಿಕ್ಕುವುದಿಲ್ಲವಾದ್ದರಿಂದ ಹೆರಿಗೆಗೆ ಮುಂಚೆಯೇ ರಕ್ತನಿಧಿಯನ್ನು ವಿಚಾರಿಸಿಕೊಂಡಿರುವುದು ಜಾಣತನ.

ಕೊನೆಗೆ ಒಂದು ಸಣ್ಣ ಸಂಗತಿ. ನಮ್ಮ ಕಡೆ ಸೀಮಂತವಾದ ಮೇಲೆ ಬಸುರಿಯನ್ನು ತವರಿಗೆ ಕಳುಹಿಸುವುದು ಪದ್ಧತಿ. ಏಳನೆಯ ತಿಂಗಳಿನ ಆ ಓಡಾಟವೂ 28ನೆಯ ವಾರದ ಚುಚ್ಚುಮದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ಗಂಡನ ಊರಿನ ವೈದ್ಯರು ತವರಿನಲ್ಲಿ ಕೊಡುತ್ತಾರೆಂದುಕೊಳ್ಳುತ್ತಾರೆ. ತವರಿನ ವೈದ್ಯರು ಅಲ್ಲಿಯೇ ಆಗಿರಬೇಕೆಂದುಕೊಳ್ಳುತ್ತಾರೆ. ನಡುವೆ ಮದ್ದು ತಪ್ಪಿಹೋಗುತ್ತದೆ. ಮೊದಲ ಮಗುವಿಗೆ ಏನೂ ಆಗದಿರುವುದರಿಂದ ತಪ್ಪಿದ್ದು ಯಾರಿಗೂ ತಿಳಿಯುವುದೂ ಇಲ್ಲ. ಅದರ ಬೆಲೆ ತೆರುವುದು ಇನ್ನೂ ಹುಟ್ಟದ ಎರಡನೆಯ ಮಗು.

ಹಸಿರು ಬಳೆ ತೊಟ್ಟು, ಮಡಿಲು ತುಂಬಿಸಿಕೊಂಡು ಮಗಳು ತವರಿಗೆ ಹೊರಡುವಾಗ ಅತ್ತೆ ಸೀರೆ ಕುಪ್ಪಸವನ್ನೂ ತಿಂಡಿಯ ಡಬ್ಬಿಯನ್ನೂ ಮರೆಯದೆ ಕಟ್ಟಿಕೊಡುತ್ತಾರೆ. ಅದರ ಜೊತೆಗೆ ತಾಯಿ ಕಾರ್ಡನ್ನೂ ರಕ್ತದ ಚೀಟಿಯನ್ನೂ ಇಟ್ಟು, ಚುಚ್ಚುಮದ್ದು ಆಗಿದೆಯೋ ಇನ್ನೂ ಆಗಬೇಕೋ ಎಂಬುದನ್ನು ಬೀಗಿತ್ತಿಗೆ ಬಾಯಿಬಿಟ್ಟು ಹೇಳಿದರೆ ಸಾಕು. ಕಾಲ್ಗುಣದ ಮಾತು ಅಲ್ಲಿಗೆ ಮುಗಿಯುತ್ತದೆ; ಮನೆಯ ಎರಡನೆಯ ತೊಟ್ಟಿಲೂ ತೂಗುತ್ತದೆ.